ಶವರಿನಲ್ಲಿ ಬರೀ ಉಗುರುಬೆಚ್ಚಗಿನ ನೀರು: ಟೈಲ್ಸ್ ಒಡೆಸುವ ಮುಂಚೆ ನೋಡಬೇಕಾದ್ದು

ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟುಗಳ ಬಾತ್‌ರೂಮಿನಲ್ಲಿ ಗೋಡೆಯೊಳಗೆ ಕೂರಿಸಿದ ಸಿಂಗಲ್ ಲಿವರ್ ಡೈವರ್ಟರ್, ಅಂದರೆ ಬಿಸಿ ತಣ್ಣೀರು ಬೆರೆಸಿ ಶವರಿಗೆ ಕಳಿಸುವ ವಾಲ್ವು, ಸಾಮಾನ್ಯ. ಒಂದೇ ಹಿಡಿ. ಎತ್ತಿದರೆ ನೀರು, ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಿರುಗಿಸಿದರೆ ತಣ್ಣಗೆ. ಹತ್ತು ಹದಿನೈದು ವರ್ಷ ಯಾವ ತಕರಾರೂ ಇಲ್ಲದೆ ನಡೆದಿರುತ್ತದೆ. ಒಂದು ಡಿಸೆಂಬರಿನಲ್ಲಿ ಹಿಡಿಯನ್ನು ಎಡಗಡೆ ತುದಿಗೆ ತಳ್ಳಿದರೂ ನೀರು ಉಗುರುಬೆಚ್ಚಗೇ ಬರೋದಕ್ಕೆ ಶುರುವಾಗುತ್ತದೆ. ಗೀಸರಿನ ದೀಪ ನೋಡಿದರೆ ಸರಿಯಾಗಿಯೇ ಉರಿದು ಆರಿದೆ.

ಎಲೆಕ್ಟ್ರಿಷಿಯನ್ ಬಂದರೆ ಎಲಿಮೆಂಟ್ ಬದಲಿಸಿ ಹೋಗುತ್ತಾರೆ. ಪ್ಲಂಬರ್ ಬಂದರೆ ಲಿವರನ್ನು ಎರಡು ಸಲ ಅಲ್ಲಾಡಿಸಿ, "ಸಾರ್, ಡೈವರ್ಟರ್ ಹೋಗಿದೆ, ಗೋಡೆ ಒಡೀಬೇಕು" ಅನ್ನುತ್ತಾರೆ. ಎರಡೂ ಕೆಲವು ಸಲ ನಿಜ. ಆದರೆ ಪರೀಕ್ಷೆ ಮಾಡದೆ ಹೇಳಿದ ಮಾತಿಗೆ ಯಾಕೆ ದುಡ್ಡು ಕೊಡಬೇಕು? ಹದಿನೈದು ವರ್ಷದ ಹಿಂದಿನ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗೋದಿಲ್ಲ. ಒಂದು ಒಡೆದರೆ ಗೋಡೆಪೂರ್ತಿ ಬದಲಿಸುವ ಹಾಗಾಗುತ್ತದೆ.

ನೀರು ಪೂರ್ತಿ ತಣ್ಣಗೆ ಬಂದರೆ ಗೀಸರ್ ಕೆಟ್ಟಿದೆ ಅನ್ನಬಹುದು. ಉಗುರುಬೆಚ್ಚಗೆ ಬರುತ್ತಿದೆ ಅಂದರೆ ಬಿಸಿನೀರು ಎಲ್ಲೋ ಹುಟ್ಟುತ್ತಿದೆ. ಒಂದೋ ಅದು ಸಾಕಷ್ಟು ಶವರಿಗೆ ತಲುಪುತ್ತಿಲ್ಲ, ಇಲ್ಲವೇ ದಾರಿಯಲ್ಲಿ ತಣ್ಣೀರು ಬೆರೆಯುತ್ತಿದೆ. ಯಾವುದು ಅನ್ನೋದನ್ನು ಬಕೆಟ್, ಥರ್ಮಾಮೀಟರ್ ಮತ್ತು ಒಂದು ಆಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಸಣ್ಣ ಕಾಕ್) ಇಟ್ಟುಕೊಂಡು ಕಂಡುಹಿಡಿಯಬಹುದು.

ಮೊದಲು ಅಳೆಯಿರಿ

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗಲ್ಲ, ಅದು 42-43 ಡಿಗ್ರಿಗೇ ನಿಂತುಬಿಡುತ್ತದೆ. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ಗೀಸರ್ ಹಾಕಿ, ದೀಪ ಆರುವ ತನಕ ಬಿಡಿ. ಅದೇ ಗೀಸರಿನಿಂದ ವಾಷ್ ಬೇಸಿನ್‌ಗೋ ಕೆಳಗಿನ ಬಕೆಟ್ ನಲ್ಲಿಗೋ ಬಿಸಿನೀರಿನ ಲೈನ್ ಇದ್ದರೆ ಮೊದಲು ಅಲ್ಲಿ ಒಂದು ಮಗ್ ಹಿಡಿದು ನೋಡಿ. ಆಮೇಲೆ ಶವರಿನಲ್ಲಿ, ಲಿವರ್ ಪೂರ್ತಿ ಎಡಕ್ಕಿಟ್ಟು, ಇನ್ನೊಂದು ಮಗ್.

ಬೇಸಿನ್ನಿನಲ್ಲಿ 55-60 ಡಿಗ್ರಿ, ಶವರಿನಲ್ಲಿ 38-40 ಅಂದರೆ ಗೀಸರಿನ ತಪ್ಪಿಲ್ಲ. ತೊಂದರೆ ಶವರ್ ವಾಲ್ವಿನಲ್ಲಿದೆ, ಇಲ್ಲವೇ ಅದಕ್ಕೆ ಹೋಗುವ ಪೈಪಿನಲ್ಲಿದೆ. ಎರಡೂ ಕಡೆ ಉಗುರುಬೆಚ್ಚಗಿದ್ದರೆ ಗೀಸರನ್ನೂ ಅನುಮಾನಿಸಬೇಕು, ತಣ್ಣೀರು ಅಡ್ಡದಾರಿಯಲ್ಲಿ ಬಿಸಿನೀರಿನ ಲೈನಿಗೆ ನುಗ್ಗುತ್ತಿದೆಯಾ ಅಂತಲೂ ನೋಡಬೇಕು.

ಡೈವರ್ಟರಿನಲ್ಲಿ ಶವರ್ ಮತ್ತು ಕೆಳಗಿನ ಸ್ಪೌಟ್ ಎರಡೂ ಇದ್ದರೆ ಇನ್ನೂ ಒಂದು ಪರೀಕ್ಷೆ ಮಾಡಬಹುದು. ಇದನ್ನು ಬಹಳ ಜನ ಮಾಡೋದೇ ಇಲ್ಲ. ಲಿವರ್ ಇದ್ದಲ್ಲೇ ಇರಲಿ, ನೀರನ್ನು ಸ್ಪೌಟಿಗೆ ತಿರುಗಿಸಿ. ಸ್ಪೌಟಿನಲ್ಲಿ ಚೆನ್ನಾಗಿ ಬಿಸಿ, ಶವರಿಗೆ ತಿರುಗಿಸಿದ ಕೂಡಲೇ ಉಗುರುಬೆಚ್ಚಗೆ ಅಂದರೆ ಇದು ಒತ್ತಡದ ಸಮಸ್ಯೆ. ಶವರ್ ಹೆಡ್ಡಿನ ತೂತುಗಳು ಬೋರ್‌ವೆಲ್ ನೀರಿನ ಸುಣ್ಣದಿಂದ ಅರ್ಧ ಮುಚ್ಚಿರುತ್ತವೆ. ನೀರು ಮುಂದೆ ಹೋಗಲಾರದೆ ವಾಲ್ವಿನೊಳಗೆ ಒತ್ತಡ ಏರುತ್ತದೆ. ಆಗ ಒತ್ತಡ ಜಾಸ್ತಿ ಇರುವ ತಣ್ಣೀರು ಗೆಲ್ಲುತ್ತದೆ, ಬಿಸಿನೀರು ಹಿಂದೆ ಸರಿಯುತ್ತದೆ. ಶವರ್ ಹೆಡ್ ಬಿಚ್ಚಿಟ್ಟು ಬರೀ ಪೈಪಿನಿಂದ ನೀರು ಬಿಟ್ಟು ನೋಡಿ. ಬಿಸಿ ಬಂತು ಅಂದರೆ ಹೆಡ್ಡನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ಹಾಕಿ. ಕೆಲಸ ಅಲ್ಲಿಗೇ ಮುಗಿಯಬಹುದು.

ಮೊದಲು ಬಿಸಿ ಬಂದು, ಎರಡು ಮೂರು ನಿಮಿಷಕ್ಕೆ ಉಗುರುಬೆಚ್ಚಗಾದರೆ ಅದು ದೋಷವೇ ಅಲ್ಲದಿರಬಹುದು. 15 ಲೀಟರ್ ಗೀಸರಿನಲ್ಲಿ 60 ಡಿಗ್ರಿ ನೀರಿದೆ, ಚಳಿಗಾಲದಲ್ಲಿ ಟ್ಯಾಂಕಿನ ನೀರು 22 ಡಿಗ್ರಿ ಇದೆ ಅಂದುಕೊಳ್ಳಿ. 40 ಡಿಗ್ರಿ ಹದಕ್ಕೆ ಹೆಚ್ಚು ಕಮ್ಮಿ ಅರ್ಧಕ್ಕರ್ಧ ಬೆರೆಸಬೇಕು. ಒಟ್ಟು ಸಿಗೋದು ಸುಮಾರು 30 ಲೀಟರ್. ನಿಮಿಷಕ್ಕೆ 10 ಲೀಟರ್ ಸುರಿಸುವ ದೊಡ್ಡ ಶವರ್ ಹಾಕಿಸಿಕೊಂಡಿದ್ದರೆ ಮೂರು ನಿಮಿಷಕ್ಕೆ ಖಾಲಿ. 3 ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಶವರ್ ಜೋಡಿಸಿದ್ದರಂತೂ ಆಸೆ ಬಿಡಿ. 3 ಕಿಲೋವಾಟ್ ಎಲಿಮೆಂಟ್ ನಿಮಿಷಕ್ಕೆ 2 ಲೀಟರ್ ನೀರನ್ನು 21 ಡಿಗ್ರಿ ಏರಿಸಬಲ್ಲದು, 8 ಲೀಟರ್ ಬಿಟ್ಟರೆ ಐದು ಡಿಗ್ರಿ ಅಷ್ಟೇ.

ಗೀಸರ್

ಇದನ್ನು ಬೇಗ ಮುಗಿಸೋಣ. 2 ಕಿಲೋವಾಟಿನ 15 ಲೀಟರ್ ಗೀಸರ್ 22 ಡಿಗ್ರಿಯಿಂದ 60ಕ್ಕೆ ಬರಲು ಸುಮಾರು 20 ನಿಮಿಷ ಬೇಕು, 25 ಲೀಟರಿನದಾದರೆ ಅರ್ಧ ಗಂಟೆಯ ಮೇಲೆ. ತಣ್ಣೀರು ತುಂಬಿದ ಗೀಸರಿನ ದೀಪ ಐದೇ ನಿಮಿಷಕ್ಕೆ ಆರಿದರೆ ಥರ್ಮೋಸ್ಟ್ಯಾಟ್ ಬೇಗ ಕೈಬಿಡುತ್ತಿದೆ, ಇಲ್ಲವೇ ಅದನ್ನು ಯಾರೋ ಕಮ್ಮಿಗೆ ಇಟ್ಟಿದ್ದಾರೆ. ಒಂದು ಗಂಟೆಯಾದರೂ ಆರದಿದ್ದರೆ ಎಲಿಮೆಂಟಿಗೆ ದಪ್ಪ ಸುಣ್ಣ ಕಟ್ಟಿದೆ, ಅಥವಾ ಕರೆಂಟಿನ ವೋಲ್ಟೇಜ್ ಕಮ್ಮಿ ಇದೆ. 230 ವೋಲ್ಟಿಗೆ 2000 ವಾಟ್ ಕೊಡುವ ಎಲಿಮೆಂಟ್ 200 ವೋಲ್ಟಿನಲ್ಲಿ ಬರೀ 1500 ವಾಟ್ ಕೊಡುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಏರಿಯಾದಲ್ಲಿ ಇದನ್ನು ನೆನಪಿಡಿ. ಎಲಿಮೆಂಟಿನ ರೆಸಿಸ್ಟೆನ್ಸ್ ಸುಮಾರು 26 ಓಂ ಇರಬೇಕು. ಆದರೆ ಆ ಮುಚ್ಚಳ ಬಿಚ್ಚೋದು ಎಲೆಕ್ಟ್ರಿಷಿಯನ್ ಕೆಲಸ, ಎಂಸಿಬಿ ಇಳಿಸಿದ ಮೇಲೆ.

ಸರ್ವಿಸ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಎರಡು ಪೈಪು ಅದಲು ಬದಲಾಗಿವೆಯಾ ನೋಡಿ. ನೀಲಿ ಗುರುತಿನ ಕಡೆ ತಣ್ಣೀರು ಒಳಕ್ಕೆ ಹೋಗಬೇಕು, ಕೆಂಪು ಗುರುತಿನಿಂದ ಬಿಸಿನೀರು ಹೊರಕ್ಕೆ ಬರಬೇಕು. ಒಳಗೆ ಕೆಂಪು ಕಡೆಯ ಪೈಪು ತೊಟ್ಟಿಯ ಮೇಲ್ತುದಿಯವರೆಗೆ ಹೋಗಿರುತ್ತದೆ, ಯಾಕೆಂದರೆ ಬಿಸಿನೀರು ನಿಲ್ಲೋದು ಮೇಲೆ. ಅದಲು ಬದಲಾದರೆ ತಣ್ಣೀರು ಮೇಲಿನಿಂದ ಬಿದ್ದು ಎಲ್ಲಾ ಕಲಸಿಹೋಗುತ್ತದೆ, ಹೊರಗೆ ಬರೋದು ತಳದ ನೀರು. ಆ ಪೈಪು ಒಳಗೇ ಮುರಿದಿದ್ದರೂ ಇದೇ ಲಕ್ಷಣ.

ತಣ್ಣೀರು ಎಲ್ಲಿಂದ ನುಗ್ಗುತ್ತಿದೆ

ನನಗೆ ಹೆಚ್ಚು ಸಲ ಸಿಕ್ಕಿರೋದು ಈ ದೋಷ. ಬಿಸಿ ಮತ್ತು ತಣ್ಣೀರಿನ ಲೈನ್ ಎರಡೂ ಪ್ರತಿಯೊಂದು ಮಿಕ್ಸರಿನಲ್ಲೂ ಮುಖಾಮುಖಿಯಾಗುತ್ತವೆ. ನಡುವಿನ ತಡೆ ಎಲ್ಲಾದರೂ ಸವೆದರೆ, ಒತ್ತಡ ಜಾಸ್ತಿ ಇರುವ ಕಡೆಯ ನೀರು ಇನ್ನೊಂದು ಕಡೆಗೆ ಹರಿಯುತ್ತದೆ. ಹೊರಗೆ ಒಂದು ತೊಟ್ಟೂ ಸೋರೋದಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳೋದಿಲ್ಲ.

ಪರೀಕ್ಷೆ ಸುಲಭ. ಗೀಸರ್ ಸ್ವಿಚ್ ಆಫ್ ಮಾಡಿ, ಇದು ಮೊದಲ ಕೆಲಸ. ಗೀಸರಿಗೆ ತಣ್ಣೀರು ಹೋಗುವ ಆಂಗಲ್ ಕಾಕನ್ನು ಪೂರ್ತಿ ಮುಚ್ಚಿ. ಹಳೇ ಕಾಕ್ ಬಿಗಿದುಕೊಂಡಿದ್ದರೆ ಒರಟಾಗಿ ತಿರುಗಿಸಬೇಡಿ, ಕತ್ತು ಮುರಿದರೆ ಬಾತ್‌ರೂಮ್ ತುಂಬಾ ನೀರು. ಆಮೇಲೆ ಶವರ್ ಮುಚ್ಚಿಟ್ಟು ಬೇಸಿನ್ನಿನ ಬಿಸಿನೀರಿನ ನಲ್ಲಿ ತೆರೆಯಿರಿ. ಒಂದೆರಡು ಸೆಕೆಂಡ್ ಸಣ್ಣಗೆ ಸುರಿದು ನಿಂತುಹೋಗಬೇಕು. ಗೀಸರಿಗೆ ನೀರೇ ಹೋಗುತ್ತಿಲ್ಲ, ಅಲ್ಲಿಂದ ಬರೋದಾದರೂ ಎಲ್ಲಿಂದ? ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಮಿಕ್ಸರ್ ಮೂಲಕ ತಣ್ಣೀರು ಬಿಸಿನೀರಿನ ಲೈನಿಗೆ ದಾಟುತ್ತಿದೆ ಅಂತ ಖಚಿತ.

ಈಗ ಒಂದೊಂದನ್ನೇ ಕಳೆಯುತ್ತಾ ಹೋಗಿ. ಅಡುಗೆಮನೆ ಸಿಂಕಿನ ಕೆಳಗಿನ ಎರಡೂ ಆಂಗಲ್ ಕಾಕ್ ಮುಚ್ಚಿ, ನೋಡಿ. ಇನ್ನೊಂದು ಬಾತ್‌ರೂಮಿಗೂ ಅದೇ ಗೀಸರ್ ಇದ್ದರೆ ಅಲ್ಲಿಯದನ್ನು ಮುಚ್ಚಿ, ನೋಡಿ. ಯಾವುದನ್ನು ಮುಚ್ಚಿದಾಗ ಹರಿವು ನಿಂತಿತೋ ಅದೇ ಕಳ್ಳ. ಎಲ್ಲಾ ಮುಚ್ಚಿದರೂ ನಿಲ್ಲದಿದ್ದರೆ ಉಳಿದದ್ದು ಗೋಡೆಯೊಳಗಿನ ಶವರ್ ವಾಲ್ವು.

ಹೆಲ್ತ್ ಫಾಸೆಟ್ ಅಥವಾ ಹ್ಯಾಂಡ್ ಶವರನ್ನು ಮಿಕ್ಸರಿಗೆ ಜೋಡಿಸಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ. ಕೈಯಲ್ಲಿರುವ ಗುಂಡಿ ಬಿಟ್ಟರೆ ನೀರು ನಿಲ್ಲುತ್ತದೆ ಅಂತ ಮಿಕ್ಸರನ್ನು ತೆರೆದೇ ಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆಗ ಬಿಸಿ ಮತ್ತು ತಣ್ಣೀರಿನ ಲೈನ್ ಎರಡೂ ಒಳಗೆ ಸೇರಿಕೊಂಡೇ ಇರುತ್ತವೆ. ಪಕ್ಕದ ರೂಮಿನ ಶವರ್ ಉಗುರುಬೆಚ್ಚಗಾಗೋದಕ್ಕೆ ಅಷ್ಟು ಸಾಕು. ಮಿಕ್ಸರ್ ಮುಚ್ಚಿದರೆ ಸರಿಹೋಗುತ್ತದೆ, ಐದು ಪೈಸೆ ಖರ್ಚಿಲ್ಲ.

ಸೋಲಾರ್ ಮತ್ತು ಪ್ರೆಷರ್ ಪಂಪ್ ಎರಡೂ ಇದ್ದರೆ

ಮಹಡಿ ಮೇಲೆ ಸೋಲಾರ್ ಇರುವ ಸ್ವಂತ ಮನೆಗಳಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ಬರುತ್ತದೆ. ಸೋಲಾರಿನಿಂದ ಬಿಸಿನೀರು ತನ್ನ ಪಾಡಿಗೆ ಇಳಿದು ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಅಂತ ಲೆಕ್ಕ. ಮೇಲಿನ ಮಹಡಿಗೆ ಎರಡು ಮೂರು ಮೀಟರ್ ಮಾತ್ರ ಎತ್ತರ ಸಿಗೋದರಿಂದ ಅಲ್ಲಿ 0.2-0.3 ಬಾರ್ ಅಷ್ಟೇ. ಶವರ್ ಜೋರಾಗಿ ಬರಲಿ ಅಂತ ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಹಾಕಿಸಿದರೆ ಆ ಕಡೆ ಒಂದೂವರೆ ಎರಡು ಬಾರ್ ಆಗುತ್ತದೆ. ಲಿವರನ್ನು ನಡುವೆ ಇಟ್ಟರೆ ತಣ್ಣೀರು ಬಿಸಿನೀರನ್ನು ಮೇಲಕ್ಕೇ ತಳ್ಳುತ್ತದೆ. ಪೂರ್ತಿ ಎಡಕ್ಕಿಟ್ಟರೆ ಬಿಸಿ, ಕೂದಲೆಳೆಯಷ್ಟು ಬಲಕ್ಕೆ ಬಂದರೆ ತಣ್ಣಗೆ. ಹದ ಸಿಗೋದೇ ಇಲ್ಲ.

ಇದನ್ನು ಹಿಡಿಯೋದಕ್ಕೆ ತಾರಸಿಗೆ ಹೋಗಿ. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆ ಎದ್ದು ನಿಂತಿರುವ ಸಣ್ಣ ಗಾಳಿ ಪೈಪನ್ನು ನೋಡುತ್ತಾ ನಿಲ್ಲಿ. ಕೆಳಗೆ ಯಾರಾದರೂ ಶವರನ್ನು ನಡುಮಟ್ಟದಲ್ಲಿ ತೆರೆದು, ಪಂಪ್ ಶುರುವಾದ ಸ್ವಲ್ಪ ಹೊತ್ತಿಗೆ ಆ ಪೈಪಿನ ಬಾಯಿಂದ ನೀರು ಉಕ್ಕಿದರೆ ಸಂಶಯವೇ ಬೇಡ. ಬಾತ್‌ರೂಮಿನ ತಣ್ಣೀರು ಸೋಲಾರ್ ಟ್ಯಾಂಕಿಗೆ ಏರಿ ಹೋಗುತ್ತಿದೆ. ಬಿಸಿಲು ಕಾದ ದಿನದ ಮರುಬೆಳಗ್ಗೆಯೂ ನೀರು ಉಗುರುಬೆಚ್ಚಗಿರೋದು ಇದರಿಂದಲೇ. ಸೋಲಾರಿನವರನ್ನು ಕರೆದು ಟ್ಯೂಬ್ ಬದಲಿಸಿದರೆ ಏನೂ ಪ್ರಯೋಜನ ಇಲ್ಲ.

ಬಿಸಿನೀರಿನ ಲೈನಿಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್) ಹಾಕಿಸಿದರೆ ತಣ್ಣೀರು ಮೇಲೆ ಹೋಗೋದು ನಿಲ್ಲುತ್ತದೆ. ಆದರೆ ಶವರಿನಲ್ಲಿ ಹದ ಸಿಗಬೇಕಾದರೆ ಎರಡೂ ಲೈನಿನ ಒತ್ತಡ ಹತ್ತಿರ ಹತ್ತಿರ ಇರಬೇಕು. ತಣ್ಣೀರಿನ ಸ್ಟಾಪ್ ಕಾಕನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಿ ಇಡೋದು ಅಗ್ಗದ ದಾರಿ. ಸ್ಪ್ರಿಂಗ್ ಇರುವ ಎನ್‌ಆರ್‌ವಿಯನ್ನು ಇಷ್ಟು ಕಡಿಮೆ ಒತ್ತಡದ ಲೈನಿಗೆ ಹಾಕಿದರೆ ಅದು ತೆರೆಯೋದಕ್ಕೇ ಒದ್ದಾಡುತ್ತದೆ. ಹಗುರವಾಗಿ ತೆರೆಯುವುದನ್ನೇ ಕೇಳಿ ತನ್ನಿ.

ಲಿವರ್ ಬಿಚ್ಚಿ ನೋಡೋದು

ಎಲ್ಲಾ ಪರೀಕ್ಷೆಯೂ ಶವರ್ ವಾಲ್ವಿನ ಕಡೆಗೇ ಬೆರಳು ತೋರಿಸಿದರೂ ಗೋಡೆ ಮುಟ್ಟಬೇಕಿಲ್ಲ. ಕೆಡುವ ಭಾಗ ಹೊರಗಿನಿಂದಲೇ ಕೈಗೆ ಬರುತ್ತದೆ.

ಗೀಸರ್ ಆಫ್ ಮಾಡಿ, ಒಳಗಿನ ಬಿಸಿನೀರನ್ನು ಬಕೆಟ್ಟಿಗೆ ಬಿಟ್ಟು ತಣ್ಣಗಾಗಿಸಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಬಾತ್‌ರೂಮಿನ ಸ್ಟಾಪ್ ಕಾಕ್ ಮುಚ್ಚಿ. ಗೀಸರಿನಿಂದ ಬಿಸಿನೀರು ಹೊರಬರುವ ಕಡೆಯೂ ಕಾಕ್ ಇದ್ದರೆ ಅದನ್ನೂ ಮುಚ್ಚಿ. ನೆಲದ ಜಾಲರಿಯ ಮೇಲೆ ಒಂದು ಬಟ್ಟೆ ಹಾಸಿ, ಇಲ್ಲದಿದ್ದರೆ ಸಣ್ಣ ಸ್ಕ್ರೂ ಮೋರಿ ಸೇರುತ್ತದೆ.

ಹಿಡಿಯ ಮೇಲೆ ಕೆಂಪು ನೀಲಿ ಬಣ್ಣದ ಸಣ್ಣ ಬೊಟ್ಟು ಇರುತ್ತದೆ. ಗುಂಡುಪಿನ್ನಿನಿಂದ ಎಬ್ಬಿಸಿದರೆ ಕಳಚಿಕೊಳ್ಳುತ್ತದೆ. ಒಳಗಿನ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿ ಹಿಡಿಯನ್ನು ಎಳೆದು ತೆಗೆಯಿರಿ. ಹಿಂದೆ ಗೋಲಾಕಾರದ ಕ್ರೋಮ್ ಮುಚ್ಚಳ, ಅದರ ಕೆಳಗೆ ಹಿತ್ತಾಳೆಯ ದೊಡ್ಡ ನಟ್ಟು. ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ಹತ್ತು ವರ್ಷದ ಸುಣ್ಣ ಕೂತಿದ್ದರೆ ನಟ್ಟು ಸುಲಭಕ್ಕೆ ಬರಲ್ಲ. ಸುತ್ತ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಕಟ್ಟಿ ಒಂದು ಗಂಟೆ ಬಿಡಿ.

ಹಿಡಿ ತೆಗೆದ ತಕ್ಷಣ ಕಾರ್ಟ್ರಿಡ್ಜಿನ (ಬಿಸಿ ತಣ್ಣೀರು ಬೆರೆಸುವ, ಬಿಚ್ಚಿ ಬದಲಿಸಬಹುದಾದ ಒಳಭಾಗ) ತಲೆಯ ಮೇಲೆ ಹಲ್ಲು ಹಲ್ಲಿನ ಪ್ಲಾಸ್ಟಿಕ್ ಬಳೆ ಇದೆಯಾ ನೋಡಿ. ಎಲ್ಲಾ ಮಾದರಿಯಲ್ಲಿ ಇರೋದಿಲ್ಲ. ಇದ್ದರೆ, ಅದು ಬಿಸಿಯ ಕಡೆಗೆ ಹಿಡಿ ಎಷ್ಟು ದೂರ ತಿರುಗಬಹುದು ಅನ್ನೋದಕ್ಕೆ ಹಾಕಿದ ತಡೆ. ಮಕ್ಕಳಿರುವ ಮನೆಗೆ ಅಂತ ಮಾಡಿದ್ದು. ಹಿಂದಿನ ರಿಪೇರಿಯಲ್ಲಿ ಯಾರೋ ಅದನ್ನು ತಪ್ಪಾಗಿ ಕೂರಿಸಿದ್ದರೆ ಹಿಡಿ ತುದಿಗೆ ಹೋಗುವ ಮುಂಚೆಯೇ ನಿಲ್ಲುತ್ತದೆ, ವಾಲ್ವ್ ಯಾವಾಗಲೂ ಸ್ವಲ್ಪ ತಣ್ಣೀರು ಬೆರೆಸುತ್ತಲೇ ಇರುತ್ತದೆ. ಬಳೆಯನ್ನು ಎತ್ತಿ ಒಂದೊಂದೇ ಹಲ್ಲು ಸರಿಸಿ, ಪ್ರತಿ ಸಲ ನೀರಿನ ಬಿಸಿ ಅಳೆದು ನೋಡಿ. ಪೂರ್ತಿ ಕಿತ್ತು ಬಿಸಾಡಬೇಡಿ.

ಬಳೆ ಸರಿಯಿದ್ದರೆ ನಟ್ಟು ಬಿಚ್ಚಿ ಕಾರ್ಟ್ರಿಡ್ಜನ್ನು ನೇರವಾಗಿ ಎಳೆಯಿರಿ. ಅದರೊಳಗೆ ಬೀಸುವ ಕಲ್ಲಿನ ಹಾಗೆ ಒಂದರ ಮೇಲೊಂದು ಕೂತ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ತಳದಲ್ಲಿ ಬಿಸಿ, ತಣ್ಣೀರು ಮತ್ತು ಹೊರದಾರಿಯ ತೂತುಗಳು, ಸುತ್ತ ರಬ್ಬರ್ ಸೀಲ್. ಬಿಸಿ ಕಡೆಯ ರಬ್ಬರ್ ಸಾಮಾನ್ಯವಾಗಿ ಮೊದಲು ಸೋಲುತ್ತದೆ. ಬೆರಳಿನಿಂದ ಒತ್ತಿ ನೋಡಿ. ಹೊಸದು ಉಬ್ಬಿ ನಿಂತು ಮೆತ್ತಗಿರುತ್ತದೆ, ಹಳೆಯದು ಚಪ್ಪಟೆಯಾಗಿ ಉಗುರು ತಾಗಿದರೆ ಸೀಳುತ್ತದೆ. ತಣ್ಣೀರು ದಾಟುವ ದಾರಿ ಅದೇ.

ಕಾರ್ಟ್ರಿಡ್ಜ್ ಹೊರಗಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ಇದರಷ್ಟು ನೇರವಾದ ಉತ್ತರ ಬೇರೆ ಯಾವುದೂ ಕೊಡೋದಿಲ್ಲ. ಗೀಸರಿನ ಹೊರಗಡೆಯ ಕಾಕ್ ಮುಚ್ಚಿದ್ದರೆ ಮೊದಲು ತೆರೆಯಿರಿ. ಗೋಡೆಯ ಬಾಯಿಗೆ ಒಂದು ಅಡಿ ದೂರದಲ್ಲಿ ಬಕೆಟ್ ಅಡ್ಡ ಹಿಡಿದು, ಇನ್ನೊಬ್ಬರಿಗೆ ಸ್ಟಾಪ್ ಕಾಕನ್ನು ಒಂದೆರಡು ಸೆಕೆಂಡ್ ಸ್ವಲ್ಪವೇ ತೆರೆಯೋದಕ್ಕೆ ಹೇಳಿ. ವಾಲ್ವಿನ ಎರಡು ತೂತಿನಿಂದಲೂ ನೀರು ಚಿಮ್ಮಬೇಕು. ಎಡಗಡೆಯದು ಬಲಗಡೆಯಷ್ಟೇ ಜೋರಾಗಿ ಬಂದರೆ ಬಿಸಿನೀರಿನ ಪೈಪು ಸರಿಯಿದೆ, ಕಾರ್ಟ್ರಿಡ್ಜ್ ಒಂದೇ ಬದಲಿಸಿದರೆ ಸಾಕು. ಎಡಗಡೆ ಬರೀ ತೊಟ್ಟಿಕ್ಕಿದರೆ ಹೊಸ ಕಾರ್ಟ್ರಿಡ್ಜ್ ಹಾಕಿದರೂ ಶವರ್ ಉಗುರುಬೆಚ್ಚಗೇ ಇರುತ್ತದೆ. ಅಡ್ಡಿ ಹಿಂದೆ ಎಲ್ಲೋ ಇದೆ: ಗೀಸರಿನ ಕಾಕ್ ಅರ್ಧ ಮುಚ್ಚಿದೆ, ಕನೆಕ್ಷನ್ ಪೈಪು ಮಡಚಿಕೊಂಡಿದೆ, ಗೀಸರಿನೊಳಗಿನ ಸುಣ್ಣದ ಚೂರು ಬಾಯಿಗೆ ಸಿಕ್ಕಿಕೊಂಡಿದೆ, ಇಲ್ಲವೇ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕು ಹಿಡಿದು ಕಿರಿದಾಗಿದೆ. ಈ ಪರೀಕ್ಷೆಯಲ್ಲಿ ಟೆಫ್ಲಾನ್ ಟೇಪಿನ ಎಳೆ, ಟ್ಯಾಂಕರ್ ನೀರಿನ ಮರಳು ಹೊರಗೆ ಹಾರಿ ಬಂದು ತೊಂದರೆ ಅಲ್ಲಿಗೇ ಬಗೆಹರಿಯೋದೂ ಉಂಟು.

ಹೊಸ ಕಾರ್ಟ್ರಿಡ್ಜ್

ಹಳೇ ಕಾರ್ಟ್ರಿಡ್ಜನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಫೋನಿನಲ್ಲಿ ಫೋಟೋ ತೋರಿಸಿದರೆ ಸಾಲದು. 35 ಮತ್ತು 40 ಮಿಲಿಮೀಟರಿನವು ಸಾಮಾನ್ಯ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಳದ ಗೂಟಗಳ ಜಾಗ, ಸ್ಪಿಂಡಲಿನ ಎತ್ತರ ಎಲ್ಲಾ ಹೊಂದಬೇಕು. ಕಂಪನಿಯ ಮಾದರಿ ನಿಂತುಹೋಗಿದ್ದರೂ ಅವರ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ಕೇಳಿ. ಅಲ್ಲಿ ಇಲ್ಲ ಅಂದರೆ ಎಸ್.ಪಿ. ರೋಡ್, ಚಿಕ್ಕಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಬೇಕು. ತೀರಾ ಅಗ್ಗದ್ದು ತರಬೇಡಿ, ಗಡಸು ನೀರಿಗೆ ಅದರ ರಬ್ಬರ್ ಬೇಗ ಸೋಲುತ್ತದೆ.

ಹಾಕುವ ಮುಂಚೆ ಗೋಡೆಯೊಳಗಿನ ಕುಳಿಯನ್ನು ಬಟ್ಟೆಯಿಂದ ಒರೆಸಿ. ಸುಣ್ಣ ಗಟ್ಟಿಯಾಗಿದ್ದರೆ ವಿನೆಗರ್ ಹಚ್ಚಿ ಬಿಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡ, ಅದು ಕ್ರೋಮನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಹಚ್ಚಿದರೆ ಕೆಲವು ಜಾತಿಯ ರಬ್ಬರ್ ಊದಿಕೊಳ್ಳುತ್ತದೆ. ಗೂಟಗಳು ತೂತಿನಲ್ಲಿ ಸರಿಯಾಗಿ ಕೂತ ಮೇಲೆಯೇ ನಟ್ಟು ಬಿಗಿಯಿರಿ. ಲಿವರ್ ಗಟ್ಟಿಯಾಗಿ ತಿರುಗುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಕಾಲು ಸುತ್ತು ಸಡಿಲಿಸಿ. ಕೊನೆಗೆ ಗೀಸರಿನ ಕಾಕ್ ಮುಚ್ಚಿ ಮಾಡಿದ್ದ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ. ಬೇಸಿನ್ನಿನಲ್ಲಿ ನೀರು ನಿಂತರೆ ರಿಪೇರಿ ಸರಿಯಾಗಿದೆ. ಆ ಕಾಕ್ ಮತ್ತೆ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ನೀರು ಎಡೆಬಿಡದೆ ಬಂದ ಮೇಲೆಯೇ ಗೀಸರ್ ಸ್ವಿಚ್ ಹಾಕಿ. ಒಳಗೆ ನೀರಿಲ್ಲದೆ ಹಾಕಿದರೆ ಎಲಿಮೆಂಟ್ ಸುಟ್ಟುಹೋಗುತ್ತದೆ.

ಗೋಡೆ ಒಡೆಯಲೇಬೇಕಾದ ಸಂದರ್ಭಗಳು ಕೆಲವೇ. ಹಿತ್ತಾಳೆಯ ಬಾಡಿಯೇ ಸೀಳಿದ್ದರೆ, ಕಾರ್ಟ್ರಿಡ್ಜ್ ಕೂರುವ ಜಾಗದಲ್ಲಿ ಕೊರೆದು ಹೋಗಿದ್ದರೆ, ಆ ಅಳತೆಯ ಕಾರ್ಟ್ರಿಡ್ಜ್ ಎಲ್ಲೂ ಸಿಗದಿದ್ದರೆ, ಅಥವಾ ಗೋಡೆಯೊಳಗಿನ ಜಿಐ ಪೈಪು ಕಟ್ಟಿಕೊಂಡಿದ್ದರೆ. ಆಗಲೂ ಮೊದಲು ಆ ಗೋಡೆಯ ಹಿಂದೆ ಏನಿದೆ ನೋಡಿ. ಪೈಪು ಇಳಿಯುವ ಡಕ್ಟ್ ಇದ್ದರೆ, ಇಲ್ಲವೇ ಬೆಡ್‌ರೂಮಿನ ಬೀರು ಇಟ್ಟ ಜಾಗವಿದ್ದರೆ ಹಿಂದಿನಿಂದಲೇ ಒಡೆಸಬಹುದು. ಅಲ್ಲಿ ಬರೀ ಪ್ಲಾಸ್ಟರ್ ಮತ್ತು ಪೇಂಟಿನ ಖರ್ಚು, ಟೈಲ್ಸ್ ಹಾಗೇ ಉಳಿಯುತ್ತದೆ.